ಬೈಂದೂರಲ್ಲಿ ‘ಊರು’ ಇಲ್ಲ ಅಂಬ್ರ್!

1/5
ಹ್ವಾಯ್, “ಕನ್ನಡ ಡೇಟಾ ತಲೆನೋವು, ಇಂಗ್ಲಿಷಲ್ಲೇ ಹಾಕು” ಅಂತ ಹೇಳುವ ಗೆಳೆಯರಿಗೆ ಈ ಪೋಸ್ಟ್. ಲ್ಯಾಬಲ್ಲಿ ಪೋಸ್ಟ್‌ಗ್ರೆಸ್ ತೆರೆದು, ‘ಬೈಂದೂರು’ ಒಳಗೆ ‘ಊರು’ ಎಷ್ಟನೇ ಜಾಗದಲ್ಲಿದೆ ಅಂತ ಸ್ಟ್ರ್‌ಪೋಸ್ ಫಂಕ್ಷನ್ನಿಗೆ ಕೇಳಿ. ಉತ್ತರ: 0. ಅಂದ್ರೆ ಇಲ್ಲ. ಊರೇ ಇಲ್ಲದ ಬೈಂದೂರು, ಎಂತ ಮಾರ್ರೆ ಇದು?

2/5
ತಪ್ಪು ಕನ್ನಡದ್ದೂ ಅಲ್ಲ, ಡೇಟಾಬೇಸಿನದ್ದೂ ಅಲ್ಲ. ಕೇಳಿದ ನಮ್ಮದು. ಯೂನಿಕೋಡಿನಲ್ಲಿ ಸ್ವರ ‘ಊ’ ಒಂದು ಸಂಕೇತ, ದ-ಕಾರಕ್ಕೆ ಅಂಟುವ ಕೊಂಬಿನಿಳಿ ಬೇರೆಯೇ ಸಂಕೇತ. ಕೊಂಬಿನಿಳಿಯಿಂದ ಶುರು ಮಾಡಿ ‘ೂರು’ ಹುಡುಕಿ, 5 ಬರುತ್ತೆ. ಆದ್ರೆ ನೂರು, ಚೂರು ಕೂಡ ಬಲೆಗೆ ಬೀಳ್ತವೆ. ಹಾಗಾಗಿ ಊರಿನ ಹೆಸರಿನ ಕಾಲಮ್ಮಲ್ಲಿ ಮಾತ್ರ ಹುಡುಕಿ.

3/5
ಈಗ ‘ಬ್ರಹ್ಮಾವರ’ದಲ್ಲಿ ‘ರ’ ಹುಡುಕಿ. ನಮ್ಮ ಕಣ್ಣಿಗೆ ಅದು ಕೊನೇ ಅಕ್ಷರ, ನಾಲ್ಕನೆಯದು. ಉತ್ತರ ಮಾತ್ರ 3! ಬ್ರ-ದ ಕ್ರಾವಡಿಯೊಳಗೆ ಅಡಗಿದ ‘ರ’ ಮೊದಲು ಸಿಕ್ತು. ಎಡದಿಂದ ಒಂದು ಕ್ಯಾರೆಕ್ಟರ್ ಕತ್ತರಿಸಿದ್ರೆ ‘ಬ್ರ’ ಅಲ್ಲ, ಬರೀ ‘ಬ’. ಇನಿಶಿಯಲ್ ಹೀಗೆ ತೆಗೆದ್ರೆ ಎಷ್ಟು ಜನರ ಹೆಸರು ಕೆಡುತ್ತೆ, ಯೋಚಿಸಿ.

4/5
‘ಕುಂದಾಪುರ’ ಬಾಯಲ್ಲಿ 4 ಅಕ್ಷರ, ಯೂನಿಕೋಡಲ್ಲಿ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಓರಾಕಲ್‌ನಲ್ಲಿ ಸುಮ್ಮನೆ ‘ವಾರ್‌ಚಾರ್2, 20’ ಅಂತ ಬರೆದ್ರೆ ಅದು 20 ಬೈಟ್ ಅಂತ ಲೆಕ್ಕ. ನಾಲ್ಕಕ್ಷರದ ನಮ್ಮೂರು ಒಳಗೆ ಹೋಗೋದೇ ಇಲ್ಲ! 20ರ ಪಕ್ಕ ‘ಚಾರ್’ ಅಂತ ಸೇರಿಸಿ, ಸರಿಹೋಗುತ್ತೆ. ಒಂದು ಪದದ ಸೋಮಾರಿತನಕ್ಕೆ ಭಾಷೆಯನ್ನ ಯಾಕೆ ಬೈತೀರಿ?

5/5
ಇಂಗ್ಲಿಷಲ್ಲಿ ಹಾಕಿದ್ರೆ ಎಲ್ಲ ಸರಿಯಾ? ಬೈಂದೂರಿಗೆ ಒಬ್ಬರು ಎರಡು ‘ಓ’ ಹಾಕ್ತಾರೆ, ಇನ್ನೊಬ್ಬರು ‘ಯು’. ಕುಂದಾಪುರಕ್ಕೆ ಹಳೇ ಬೋರ್ಡಲ್ಲಿ ‘ಸಿ’, ಹೊಸದ್ರಲ್ಲಿ ‘ಕೆ’. ಅಲ್ಲೂ ಹುಡುಕಿದ್ದು ಸಿಗಲ್ಲ. ಕನ್ನಡದಲ್ಲಾದ್ರೆ ನಿಯಮ ಉಂಟು, ಕಲಿಯಬೇಕು ಅಷ್ಟೇ.

ಲ್ಯಾಬ್ ರೆಕಾರ್ಡಲ್ಲಿ ‘ಹಲೋ ವರ್ಲ್ಡ್’ ಒಳಗೆ ‘ವರ್ಲ್ಡ್’ ಹುಡುಕಿ ಹತ್ತಕ್ಕೆ ಹತ್ತು ತಗೊಂಡಿದ್ದು ಸಾಕು. ನಾಳೆ ಈ ಕೋಡ್ ಓಡೋದು ರೇಷನ್ ಕಾರ್ಡಿನ, ಪಹಣಿಯ, ಮತದಾರರ ಪಟ್ಟಿಯ ಹೆಸರುಗಳ ಮೇಲೆ. ಅಲ್ಲಿ ‘0’ ಬಂತು ಅಂದ್ರೆ ಯಾರೋ ಒಬ್ಬರ ಅಮ್ಮಮ್ಮ ಕೌಂಟರಿಂದ ವಾಪಸ್ ಮನೆಗೆ.

ಈ ವಾರ ನಿಮ್ಮೂರಿನ ಹೆಸರು ಹಾಕಿ ಟೆಸ್ಟ್ ಮಾಡಿ, ಏನು ನಂಬರ್ ಬಂತು ಕಾಮೆಂಟಲ್ಲಿ ಬರೀರಿ.

#ಕುಂದಾಪ್ರಕನ್ನಡ #ಬೈಂದೂರು #ಬ್ರಹ್ಮಾವರ #ಕನ್ನಡದಲ್ಲಿಕೋಡ್