ತಗಡಿನ ಮನೆಗೆ ಮೊದಲು ನೆಲ

ಸಾಗರದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಮದುವೆ ದಿಬ್ಬಣ, ಧರ್ಮಸ್ಥಳ ಯಾತ್ರೆ ಎಂದು ಹದಿಮೂರು ವರ್ಷ ಓಡಿ ದಣಿದ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡಿದ್ದಾರಂತೆ. ಸೀಟುಗಳನ್ನು ಕಿತ್ತುಹಾಕಿ, ಎರಡು ಮಂಚ, ಒಂದು ಪುಟ್ಟ ಅಡುಗೆ ಕಟ್ಟೆ ಮಾಡಿಸಿ, ಗಂಡ ಹೆಂಡತಿ ಇಬ್ಬರೇ ಊರೂರು ನೋಡಿ ಬರುವ ಆಸೆ. ಒಳ್ಳೆಯ ಆಸೆಯೇ. ಅವರ ಪ್ರಶ್ನೆ ಎರಡು. ‘ಒಳಗೋಡೆಗೆ ಎಷ್ಟು ಇಂಚು ಥರ್ಮೋಕೋಲ್ ಹಾಕಿಸಲಿ? ನೆಲಕ್ಕೆ ಈಗಿರುವ ರಬ್ಬರ್ ಮ್ಯಾಟಿನ ಮೇಲೆಯೇ ಪ್ಲೈವುಡ್ ಹೊಡೆದುಬಿಡೋಣ ಎನ್ನುತ್ತಾನೆ ಬಡಗಿ, ಆಗಬಹುದೇ?’

ಮೊದಲನೆಯದಕ್ಕೆ ಆಮೇಲೆ ಬರೋಣ. ಎರಡನೆಯದಕ್ಕೆ ಉತ್ತರ: ಬೇಡಿ, ದಯವಿಟ್ಟು ಬೇಡಿ.

ಏಕೆಂದು ಹೇಳುವ ಮೊದಲು ಒಂದು ಕಹಿ ಸುದ್ದಿಯನ್ನು ನೆನಪಿಸಬೇಕು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಶವವಾಗಿ ಸಿಕ್ಕಿದರು. ಕಳ್ಳತನವಲ್ಲ, ಜಗಳವಲ್ಲ. ವಾಹನದ ಜನರೇಟರ್ ಉಗುಳಿದ ಕಾರ್ಬನ್ ಮಾನಾಕ್ಸೈಡ್ ನೆಲದಲ್ಲಿದ್ದ ತೂತಿನಿಂದ ಒಳಗೆ ಹರಿದಿತ್ತು ಎಂಬುದು ತಜ್ಞರ ಪರಿಶೀಲನೆಯಲ್ಲಿ ಗೊತ್ತಾಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ.

ಈಗ ನಿಮ್ಮ ಟ್ರಾವೆಲರಿನ ನೆಲವನ್ನು ಕಲ್ಪಿಸಿಕೊಳ್ಳಿ. ಒಂದೊಂದು ಸೀಟನ್ನೂ ಕಿತ್ತಾಗ ಅದರ ಬೋಲ್ಟ್ ಕೂತಿದ್ದ ತೂತುಗಳು ಉಳಿಯುತ್ತವೆ. ಹತ್ತಾರು ತೂತುಗಳು, ಎಲ್ಲವೂ ನೇರವಾಗಿ ರಸ್ತೆ ನೋಡುವಂಥವು. ಅವುಗಳ ಕೆಳಗೇ ಸೈಲೆನ್ಸರ್ ಪೈಪು ಹಾದುಹೋಗಿದೆ. ಮ್ಯಾಟಿನ ಮೇಲೆ ಪ್ಲೈವುಡ್ ಹೊಡೆದರೆ ತೂತು ಮುಚ್ಚುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ.

ಆದ್ದರಿಂದ ಮ್ಯಾಟನ್ನು ಪೂರ್ತಿ ಎಬ್ಬಿಸಿ. ಅದರಡಿಯ ಹಳೆಯ ಹಲಗೆಯನ್ನೂ ತೆಗೆಯಿರಿ. ವಾಸನೆ ಬಂದೀತು, ಮೂಗು ಮುಚ್ಚಿಕೊಳ್ಳಿ. ಹದಿಮೂರು ವರ್ಷ ಪ್ರಯಾಣಿಕರ ಚಪ್ಪಲಿಯಿಂದ ಇಳಿದ ಮಳೆನೀರು, ಮಕ್ಕಳ ವಾಂತಿ ತೊಳೆದ ನೀರು, ಉಡುಪಿ ಗೋಕರ್ಣದ ಕಡಲ ಮರಳಿನ ಉಪ್ಪು ಎಲ್ಲವೂ ಅಲ್ಲಿ ಸೇರಿರುತ್ತವೆ. ರಬ್ಬರು ನೀರನ್ನು ಒಳಗೆ ಬಿಡುವುದಿಲ್ಲ ಎಂದು ನಾವು ನಂಬಿದ್ದೇವೆ. ಅಂಚಿನಿಂದ ನುಸುಳಿದ ನೀರನ್ನು ಹೊರಗೂ ಬಿಡುವುದಿಲ್ಲ ಎಂಬುದು ಅದರ ಇನ್ನೊಂದು ಗುಣ. ಕಬ್ಬಿಣಕ್ಕೆ ನೀರು, ಗಾಳಿ ಎರಡೂ ಸಿಕ್ಕರೆ ತುಕ್ಕು. ಜೊತೆಗೆ ಉಪ್ಪೂ ಇದ್ದರೆ ತುಕ್ಕಿಗೆ ಕುದುರೆ ಕೊಟ್ಟಂತೆ. ತುಕ್ಕು ತನ್ನ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಉಬ್ಬುವುದರಿಂದ ಪಕ್ಕದ ಬಣ್ಣವನ್ನೂ ಎಬ್ಬಿಸುತ್ತಾ ಹೋಗುತ್ತದೆ.

ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ಕೂತು ತಗಡನ್ನು ಅಂಗುಲ ಅಂಗುಲವಾಗಿ ಕುಟ್ಟಿ. ‘ಟಣ್’ ಎಂದರೆ ಸರಿ. ‘ಬದ್’ ಎಂದು ತುದಿ ಒಳಗಿಳಿದರೆ ಬಡಗಿಯ ಬದಲು ಟಿಂಕರನ್ನು ಕರೆಯಬೇಕು. ಚಕ್ರದ ಮೇಲಿನ ಉಬ್ಬು, ಬಾಗಿಲ ಮೆಟ್ಟಿಲು, ಹಿಂಬಾಗಿಲ ಹೊಸ್ತಿಲು ಇವು ಮೊದಲು ಕೊಳೆಯುವ ಜಾಗಗಳು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡಿನ ಪ್ಯಾಚ್ ಹಾಕಿ ವೆಲ್ಡ್ ಮಾಡಿಸಿ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯುತ್ತೇನೆ ಎಂದರೆ ಒಪ್ಪಬೇಡಿ. ಈ ಕೆಲಸಕ್ಕೆ ಹಣ ಕೊಡುವಾಗ ಕೈ ಹಿಂಜರಿಯುತ್ತದೆ, ನಿಜ, ಮುಗಿದ ಮೇಲೆ ನೆಂಟರಿಗೆ ತೋರಿಸಲು ಏನೂ ಇರುವುದಿಲ್ಲ. ಆದರೂ ಇಡೀ ಯೋಜನೆಯಲ್ಲಿ ಚೌಕಾಸಿ ಮಾಡಬಾರದ ಖರ್ಚು ಇದೊಂದೇ ಎಂಬುದು ನನ್ನ ಅಭಿಪ್ರಾಯ.

ತಗಡು ಗಟ್ಟಿಯಿದ್ದು ಮೇಲೆ ಮಾತ್ರ ತುಕ್ಕು ಹಿಡಿದಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿ, ತುಕ್ಕನ್ನು ಪರಿವರ್ತಿಸುವ ದ್ರಾವಣ ಹಚ್ಚಬಹುದು. ಇಂಥ ಕೆಲವು ದ್ರಾವಣಗಳಲ್ಲಿ ಇರುವುದು ಟ್ಯಾನಿಕ್ ಆಮ್ಲ. ಅದು ತುಕ್ಕಿನೊಡನೆ ಸೇರಿ ಕಪ್ಪಗಿನ, ಗಟ್ಟಿಯಾದ ಪದರವಾಗುತ್ತದೆ. ನಮ್ಮ ಅಜ್ಜಂದಿರು ಅಳಲೆಕಾಯಿ, ಅನ್ನಭೇದಿ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನಶಾಸ್ತ್ರ! ಅಳಲೆಕಾಯಿಯ ಒಗರು ಟ್ಯಾನಿನ್, ಅನ್ನಭೇದಿಯ ಕಬ್ಬಿಣ, ಇವುಗಳ ಮದುವೆಯಿಂದ ಹುಟ್ಟಿದ ಕಪ್ಪು. ಅದರ ಮೇಲೆ ಎಪಾಕ್ಸಿ ಪ್ರೈಮರ್ ಒಂದೆರಡು ಕೋಟು. ಬೋಲ್ಟ್ ತೂತುಗಳಿಗೆಲ್ಲ ತಗಡಿನ ಬಿಲ್ಲೆ ಇಟ್ಟು ಸೀಲೆಂಟ್ ತುಂಬಿಸಿ. ಆದರೆ ಬಾಗಿಲ ತಳದಲ್ಲಿ, ಪಕ್ಕದ ಟೊಳ್ಳು ತಗಡಿನ ಕೆಳಗೆ ಸಣ್ಣ ಕಿಂಡಿಗಳಿರುತ್ತವೆ. ಅವು ಆ ಟೊಳ್ಳಿನೊಳಗೆ ಸೇರಿದ ನೀರು ಇಳಿದುಹೋಗಲೆಂದು ಕಾರ್ಖಾನೆಯವರೇ ಬಿಟ್ಟ ದಾರಿ. ಡಬ್ಬಿಯಿಂದ ಚಿಮ್ಮಿಸುವ ನೊರೆ ಫೋಮನ್ನು ಸಂದುಗೊಂದಿಗೆಲ್ಲ ತುಂಬಿಸುವ ಉತ್ಸಾಹಿಗಳು ಈ ಕಿಂಡಿಗಳನ್ನೂ ಮುಚ್ಚಿಬಿಡುತ್ತಾರೆ. ಆಮೇಲೆ ವ್ಯಾನು ಒಳಗಿಂದಲೇ ಕೊಳೆಯತೊಡಗುತ್ತದೆ.

ಇಷ್ಟಾದ ಮೇಲೆ ಪ್ಲೈವುಡ್ಡು. ಐ.ಎಸ್. 710 ಎಂಬ ಗುರುತಿನ ಮರೀನ್ ಪ್ಲೈ, 12 ಮಿಲಿಮೀಟರ್ ಸಾಕು. 19 ಮಿಲಿಮೀಟರಿನದು ಗಟ್ಟಿಮುಟ್ಟು ಎಂದು ಬಡಗಿ ಒತ್ತಾಯಿಸಬಹುದು. ಆರು ಚದರ ಮೀಟರಿನ ನೆಲಕ್ಕೆ ಅದರಿಂದ ಸುಮಾರು ಇಪ್ಪತ್ತೈದು ಕಿಲೋ ಭಾರ ಹೆಚ್ಚುತ್ತದೆ, ತಲೆ ತಾಗುವ ಗಾಡಿಯಲ್ಲಿ ಎತ್ತರವೂ ಕಡಿಮೆಯಾಗುತ್ತದೆ. ಪ್ಲೈನ ಕೊಯ್ದ ಅಂಚುಗಳಿಗೆ ವಾರ್ನಿಷ್ ಕುಡಿಸುವುದನ್ನು ಮರೆಯಬಾರದು, ನೀರು ಹೀರುವುದು ಅಲ್ಲಿಂದಲೇ. ತಿರುಪು ಕೊರೆಯುವ ಮೊದಲು ಗಾಡಿಯಡಿಗೆ ತೆವಳಿ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರುಗಳು ಎಲ್ಲಿವೆ ಎಂದು ನೋಡಿ ಒಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ತಗಡಿಗೂ ಪ್ಲೈಗೂ ನಡುವೆ ಏನು? ಗುಲಾಬಿ ಅಥವಾ ನೀಲಿ ಬಣ್ಣದ, ಒತ್ತಿ ತಯಾರಿಸಿದ ಪಾಲಿಸ್ಟೈರೀನ್ ಹಲಗೆ ಸಿಗುತ್ತದೆ. ಟಿ.ವಿ. ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮೋಕೋಲಿಗಿಂತ ಇದು ಗಟ್ಟಿ, ನೀರನ್ನೂ ಹೀರುವುದಿಲ್ಲ. ಅರ್ಧ ಮುಕ್ಕಾಲು ಇಂಚಿನದು ಸಾಕು. ನೂರು ಕಿಲೋ ಭಾರ ಮಂಚದ ಒಂದೇ ಕಾಲಿನ 25 ಚದರ ಸೆಂಟಿಮೀಟರಿನ ಮೇಲೆ ಬಿದ್ದರೆ ಯಾವ ಫೋಮೂ ಕುಗ್ಗುತ್ತದೆ. ಮೇಲಿನ ಪ್ಲೈ ಆ ಭಾರವನ್ನು ಅಗಲಕ್ಕೆ ಹಂಚುತ್ತದೆ. ಒಂಬತ್ತನೇ ತರಗತಿಯ ಒತ್ತಡದ ಪಾಠ! ಸೈಲೆನ್ಸರಿನ ನೇರ ಮೇಲೆ ಮಾತ್ರ ಈ ಹಲಗೆ ಬೇಡ, ಬಿಸಿಗೆ ಮೆತ್ತಗಾದೀತು. ಎಲ್ಲಕ್ಕೂ ಮೇಲೆ ಒಂದೇ ತುಂಡಿನ ವಿನೈಲ್ ಹಾಳೆ, ಅಂಚು ಗೋಡೆಗೆ ಎರಡು ಬೆರಳು ಮೇಲೇರಲಿ. ಚೆಲ್ಲಿದ ಸಾರು ಆಗ ಅಲ್ಲಿಯೇ ನಿಲ್ಲುತ್ತದೆ.

ನೆಲಕ್ಕೆ ಇಷ್ಟು ತೆಳುವಾದರೆ ಚಳಿಯಾಗದೇ ಎಂದರೆ, ಶಾಲೆಯಲ್ಲಿ ನಾನು ಮಾಡಿಸುವ ಆಟವೊಂದಿದೆ. ಡಿಸೆಂಬರಿನ ಬೆಳಿಗ್ಗೆ ಒಂದು ಕೈಯಲ್ಲಿ ಬೆಂಚಿನ ಹಲಗೆ, ಇನ್ನೊಂದರಲ್ಲಿ ಅದರ ಕಬ್ಬಿಣದ ಕಾಲು ಹಿಡಿಯಿರೆಂದು ಮಕ್ಕಳಿಗೆ ಹೇಳುತ್ತೇನೆ. ಕಬ್ಬಿಣ ತಣ್ಣಗಿದೆ ಎಂದು ಎಲ್ಲರೂ ಕೂಗುತ್ತಾರೆ. ಉಷ್ಣಮಾಪಕ ಇಟ್ಟು ನೋಡಿದರೆ ಎರಡರದೂ ಒಂದೇ ತಾಪ. ಕಬ್ಬಿಣ ಕೈಯ ಬಿಸಿಯನ್ನು ಬೇಗ ಕದಿಯುತ್ತದೆ, ಅಷ್ಟೆ. ಉಕ್ಕು ಪ್ಲೈಗಿಂತ ಮುನ್ನೂರಕ್ಕೂ ಹೆಚ್ಚು ಪಟ್ಟು ಒಳ್ಳೆಯ ಉಷ್ಣವಾಹಕ. ಪಾದಕ್ಕೆ ಪ್ಲೈ, ವಿನೈಲ್, ಮೇಲೊಂದು ಜಮಖಾನ ಇದ್ದರೆ ನಮ್ಮ ಸೀಮೆಯ ಚಳಿಗೆ ಧಾರಾಳ.

ಇನ್ನು ಮೊದಲ ಪ್ರಶ್ನೆ. ನಮ್ಮಲ್ಲಿ ಹೋರಾಟ ಇರುವುದು ಹಿಮದೊಂದಿಗಲ್ಲ, ನೆತ್ತಿಯ ಮೇಲಿನ ಸೂರ್ಯನೊಂದಿಗೆ. ನಡುಹಗಲಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಛಾವಣಿ 6 ಚದರ ಮೀಟರ್ ಎಂದಿಟ್ಟುಕೊಂಡರೆ, ಆರು ಇಸ್ತ್ರಿ ಪೆಟ್ಟಿಗೆಗಳನ್ನು ಹೊತ್ತಿಸಿ ಸಾಲಾಗಿ ಜೋಡಿಸಿದ ಹಾಗೆ. ಕಡುಬಣ್ಣದ ಛಾವಣಿ ಅದರಲ್ಲಿ ಐದಕ್ಕೂ ಹೆಚ್ಚು ಪೆಟ್ಟಿಗೆಯ ಶಾಖವನ್ನು ಹೀರಿಕೊಳ್ಳುತ್ತದೆ. ಬಿಳಿ ಬಣ್ಣದ್ದು ಒಂದೂವರೆಯಷ್ಟು. ಎಲ್ಲಕ್ಕಿಂತ ಅಗ್ಗದ ಉಷ್ಣನಿರೋಧಕ ಒಂದು ಡಬ್ಬಿ ಬಿಳಿ ಪೇಂಟ್ ಎಂದಾಯಿತು! ಮೇಲೆ ಸಾಮಾನಿನ ಕ್ಯಾರಿಯರ್ ಇದ್ದು ಅದಕ್ಕೆ ಸೌರಫಲಕವನ್ನೋ ತಗಡನ್ನೋ ನಾಲ್ಕು ಬೆರಳು ಅಂತರ ಬಿಟ್ಟು ಕೂರಿಸಿದರೆ ಇನ್ನೂ ಲೇಸು. ಮಲೆನಾಡಿನ ಮನೆಗಳಲ್ಲಿ ಹೆಂಚು, ಕೆಳಗೆ ಅಟ್ಟದ ಗಾಳಿ, ಅದರಡಿ ಮಣ್ಣಿನ ಮುಚ್ಚಿಗೆ ಇರುವುದು ಇದೇ ಉಪಾಯ. ಬ್ರಿಟನ್ನಿನ ಲ್ಯಾಂಡ್ ರೋವರ್ ಜೀಪುಗಳಿಗೂ ಬಿಸಿನಾಡಿಗೆಂದು ಎರಡು ಪದರದ ಛಾವಣಿ ಹಾಕುತ್ತಿದ್ದರು.

ಛಾವಣಿಯ ಒಳಗೆ ಒಂದಿಂಚು ಅದೇ ಗಟ್ಟಿ ಹಲಗೆ ಅಥವಾ ಏ.ಸಿ. ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ. ತಗಡು 60 ಡಿಗ್ರಿ, ಒಳಗೆ 35 ಡಿಗ್ರಿ ಇದ್ದಾಗ ಬರಿಯ ತಗಡಿನಿಂದ ಒಳಗಿಳಿಯುವ ಶಾಖ ಅಂದಾಜು 900 ವಾಟ್ ಆದರೆ, ಒಂದಿಂಚಿನ ಹೊದಿಕೆ ಅದನ್ನು 150ರ ಆಸುಪಾಸಿಗೆ ತರುತ್ತದೆ. ಎರಡನೆಯ ಇಂಚು ಹಾಕಿದರೆ ಉಳಿಯುವುದು ಇನ್ನೊಂದು ಎಪ್ಪತ್ತು ವಾಟ್, ಕಳೆದುಕೊಳ್ಳುವುದು ಒಂದಿಂಚು ಎತ್ತರ. ಲಾಭವಿಲ್ಲದ ವ್ಯಾಪಾರ. ಛಾವಣಿಯ ಅಡ್ಡಪಟ್ಟಿಗಳನ್ನೂ ತೆಳುವಾಗಿ ಹೊದಿಸಿ. ಅವು ಬರಿದೇ ಉಳಿದರೆ ಶಾಖ ಅದೇ ಸೇತುವೆ ಹಿಡಿದು ಇಳಿಯುತ್ತದೆ. ಗೋಡೆಗೆ ಅರ್ಧ ಇಂಚು ಸಾಕು.

ಥರ್ಮೋಕೋಲ್ ಅಗ್ಗ, ಗುಣವೂ ಕೆಟ್ಟದ್ದಲ್ಲ. ಆದರೆ ಚಪ್ಪಲಿ ಅಂಟಿಸುವ ಹಳದಿ ಗೋಂದನ್ನು ಅದಕ್ಕೆ ಹಚ್ಚಿದರೆ ಕಣ್ಣೆದುರೇ ಕರಗಿ ಹೋಗುತ್ತದೆ. ಗೋಂದಿನಲ್ಲಿರುವ ದ್ರಾವಕಗಳ ಪ್ರತಾಪ. ಗುಲಾಬಿ ಹಲಗೆಯೂ ಅದೇ ಜಾತಿ, ಅದಕ್ಕೂ ದ್ರಾವಕವಿಲ್ಲದ ಅಂಟೇ ಬೇಕು. ಇವೆರಡೂ ಬೆಂಕಿ ತಗಲಿದರೆ ಕರಗಿ ಹೊತ್ತಿ ದಟ್ಟ ಕರಿಹೊಗೆ ಉಗುಳುತ್ತವೆ. ಆದ್ದರಿಂದ ಒಲೆಯ ಸುತ್ತ ಬೇಡವೇ ಬೇಡ, ಅಲ್ಲಿ ಬರಿಯ ತಗಡೇ ಇರಲಿ. ಮಿನುಗುವ ಅಲ್ಯೂಮಿನಿಯಂ ಹಾಳೆಯ ಬಗ್ಗೆಯೂ ಒಂದು ಮಾತು. ಅದು ವಿಕಿರಣವನ್ನು ಹಿಮ್ಮೆಟ್ಟಿಸುತ್ತದೆ, ಆದರೆ ಎದುರಿಗೆ ಗಾಳಿಯ ಅಂತರ ಬೇಕು. ತಗಡಿಗೂ ಪ್ಲೈಗೂ ನಡುವೆ ಒತ್ತಿ ಕೂರಿಸಿದರೆ ಅದು ಕನ್ನಡಿಯಲ್ಲ, ಇನ್ನೊಂದು ವಾಹಕ. ಕಿಟಕಿಗೆ ಅದನ್ನು ಹೊರಮುಖವಾಗಿ ಹಿಡಿಸಿದರೆ ಕೊಟ್ಟ ಹಣ ವಸೂಲು.

ಹಗಲು ಸೂರ್ಯನಾದರೆ ರಾತ್ರಿ ನೀವೇ. ಮಲಗಿದ ಒಬ್ಬರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ ನೀರಾವಿ ಹೊರಬೀಳುತ್ತದೆ. ಇಬ್ಬರಿಗೆ ಎಂಟು ಗಂಟೆಯಲ್ಲಿ ಅರ್ಧ ಲೀಟರಿಗೂ ಮೇಲೆ. ವ್ಯಾನಿನ ಹತ್ತು ಘನ ಮೀಟರ್ ಗಾಳಿ 20 ಡಿಗ್ರಿಯಲ್ಲಿ ಹಿಡಿದಿಡಬಲ್ಲದ್ದು 173 ಗ್ರಾಂ, ಬಾಬಾಬುಡನ್‌ಗಿರಿಯ ಚಳಿಗೆ 10 ಡಿಗ್ರಿಗಿಳಿದರೆ 94 ಗ್ರಾಂ ಮಾತ್ರ. ಉಳಿದದ್ದು ತಣ್ಣಗಿನ ತಗಡಿನ ಮೇಲೆ ಇಬ್ಬನಿಯಾಗುತ್ತದೆ. ಹೊದಿಕೆ ಸಡಿಲವಾಗಿದ್ದರೆ ಅದರ ಬೆನ್ನ ಹಿಂದೆ ಇಳಿದು, ನೀವು ಅಷ್ಟು ಕಷ್ಟಪಟ್ಟು ಮಾಡಿಸಿದ ನೆಲಕ್ಕೇ ಬಂದು ಸೇರುತ್ತದೆ. ಹಲಗೆಯಾಗಲಿ ರಬ್ಬರಾಗಲಿ ತಗಡಿಗೆ ಸಂದಿಲ್ಲದೆ ಅಂಟಬೇಕು ಎನ್ನುವುದು ಇದಕ್ಕೇ. ಗಾಜಿನ ಉಣ್ಣೆ ಬೆಂಕಿಗೆ ಅಂಜದು, ಆದರೆ ಈ ನೀರನ್ನು ಕುಡಿದು, ಗಾಡಿಯ ಕುಲುಕಿಗೆ ಜೋತುಬೀಳುತ್ತದೆ. ವ್ಯಾನಿಗೆ ಅದು ತಕ್ಕದ್ದಲ್ಲ.

ಒಳಗೆ ಅಡುಗೆ ಮಾಡಿದರೆ ಒಂದು ಕಿಲೋ ಗ್ಯಾಸ್ ಉರಿದಾಗ ಹುಟ್ಟುವ ನೀರು ಒಂದೂವರೆ ಕಿಲೋಗೂ ಹೆಚ್ಚು! ಹಾಗಾಗಿ ಕೆಳಗೊಂದು, ಛಾವಣಿಯ ಬಳಿ ಒಂದು ಗಾಳಿಕಿಂಡಿ ಎಂದೂ ಮುಚ್ಚದಂತಿರಲಿ, ಚಳಿಯಲ್ಲೂ. ಕೆಳಗಿನದು ಸೈಲೆನ್ಸರಿನ ಬಾಯಿಯಿಂದ ದೂರದ ಬದಿಯಲ್ಲಿರಲಿ. ಎಂಜಿನ್ ಅಥವಾ ಜನರೇಟರ್ ಚಾಲೂ ಇಟ್ಟು, ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗುವ ಮಾತೇ ಬೇಡ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ, ದಿಂಬಿನ ಮಟ್ಟಕ್ಕೆ ಒಂದನ್ನು ತೂಗುಹಾಕಿ.

ಕಾಗದಪತ್ರದ ವಿಷಯ ಚುಟುಕಾಗಿ: ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮಿನ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಹೇಳಿದೆ. ಸೀಟು ಕೀಳುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ, ಆಮೇಲೆ ವಿಮೆಯವರಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಒಪ್ಪಿಗೆ ಸಿಕ್ಕಿ ಟಿಂಕರನ ಕೆಲಸ ಮುಗಿದ ಮೇಲೆ ಬರಿಯ ತಗಡಿನ ಗಾಡಿಯನ್ನು ಒಂದು ಜಡಿಮಳೆಯಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ಒಳಗೆ ಕೂರಿ. ಬಾಗಿಲ ಬೀಡಿಂಗ್ ರಬ್ಬರು, ಗಾಜಿನ ಅಂಚು, ಛಾವಣಿಯ ರಿವೆಟ್ಟು ಎಲ್ಲೆಲ್ಲಿ ಹನಿಯುತ್ತದೋ ಅಲ್ಲೆಲ್ಲ ಗುರುತು ಮಾಡಿ. ಸಾಗರದಲ್ಲಿ ಮಳೆಗೇನು ಬರವೇ? ಬಡಗಿಯನ್ನು ದೀಪಾವಳಿ ಕಳೆದ ಮೇಲೆ ಕರೆದರಾಯಿತು.