ಕೈ ತುಂಬ ಮಣ್ಣಿದ್ದಾಗಲೇ ಫೋಟೋ ತೆಗೆಯಿರಿ

ನಮ್ಮಮ್ಮ ತೀರಿಕೊಂಡ ದಿನ ಮನೆಯೆಲ್ಲ ಹುಡುಕಿದರೂ ಆಕೆಯದೊಂದು ಫೋಟೋ ಸಿಗಲಿಲ್ಲ. ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದ ಉಗುರಗಲದ ಮುಖವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಬೆದರಿದ ಕಣ್ಣು, ಬಿಗಿದ ತುಟಿ. ನಮ್ಮಮ್ಮ ಹಾಗಿರಲಿಲ್ಲ. ಸೇವಂತಿಗೆ ಸಾಲಿನಲ್ಲಿ ಬಗ್ಗಿ ಮಡಿಲ ತುಂಬ ಹೂವು ಕೀಳುತ್ತಿದ್ದ ಹೆಂಗಸು ಆಕೆ. ಒಮ್ಮೆ ನೆಂಟರ ಹುಡುಗ ಜೂಜುವಾಡಿಯ ನಮ್ಮ ತೋಟಕ್ಕೆ ಕ್ಯಾಮೆರಾ ತಂದಾಗ, "ಇಪ್ಪುಡೆಂದುಕುರಾ, ಚೇತಿನಿಂಡಾ ಮನ್ನೇ" ಅಂದಳು. ಈಗ್ಯಾಕೋ, ಕೈ ತುಂಬ ಮಣ್ಣು ಅಂತ. ನಾವೂ ಹೌದಲ್ಲ ಅಂತ ಸುಮ್ಮನಾದೆವು. ತಪ್ಪು ನಮ್ಮದು.

ಫೋಟೋ ಅಂದರೆ ಹೊಸ ಬಟ್ಟೆ ಹಾಕಿ ಉಸಿರು ಬಿಗಿಹಿಡಿದು ನಿಲ್ಲೋದು ಅಂತ ನಮಗೆ ಯಾರು ಕಲಿಸಿದರೋ! ಹಿರಿಯರ ಬುದ್ಧಿ ಹಾಗಿರಲಿಲ್ಲ. ಹೊಸೂರು, ಕೃಷ್ಣಗಿರಿ ಸೀಮೆಯ ವೀರಗಲ್ಲುಗಳನ್ನು ನೋಡಿ. ಅವೂ ಸತ್ತವರ ಪಟಗಳೇ. ಆದರೆ ವೀರ ಅಲ್ಲಿ ಸುಮ್ಮನೆ ನಿಂತಿಲ್ಲ; ಬಿಲ್ಲೋ ಕತ್ತಿಯೋ ಹಿಡಿದು ಹೋರಾಡುತ್ತಿದ್ದಾನೆ. ಊರ ದನ ಬಿಡಿಸಲು ಹೋಗಿ ಸತ್ತವರ ಕಲ್ಲಿನಲ್ಲಿ ದನಗಳನ್ನೂ ಕೆತ್ತಿರುವುದುಂಟು. ಮಳೆಗೆ ಬಿಸಿಲಿಗೆ ಮುಖ ಸವೆದರೂ ಮಾಡಿದ ಕೆಲಸ ಉಳಿದಿದೆ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೊಡ್ಡವರ ಚಿತ್ರಗಳನ್ನೂ ತೆಗೆದರು, ಆದರೆ ಅವರ ಹೆಸರು ಉಳಿದದ್ದು ಸಾಮಾನ್ಯರ ದಿನನಿತ್ಯದ ಬದುಕನ್ನು ಹಿಡಿದದ್ದರಿಂದ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು.

ಕನ್ನಡದಲ್ಲಿ ಫೋಟೋ 'ತೆಗೀತೀವಿ', ತೆಲುಗಿನಲ್ಲಿ 'ತೀಸ್ತಾಮು'. ಪೆಟ್ಟಿಗೆಯಿಂದ ದುಡ್ಡು ತೆಗೆಯೋದಕ್ಕೂ ಎರಡೂ ಭಾಷೆಯಲ್ಲಿ ಅದೇ ಮಾತು. ಇನ್ನೊಬ್ಬರದನ್ನು ತೆಗೆಯುವಾಗ ಕೇಳಿ ತೆಗೆಯಬೇಕು. ವ್ಯಾಪಾರಸ್ಥರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಫೋನು ಕೆಟ್ಟರೆ ಸಾವಿರ ಫೋಟೋ ಒಟ್ಟಿಗೇ ಹೋಗುತ್ತವೆ. ಇದ್ದಾಗಲೂ ಅದರಲ್ಲಿ ಮದುವೆ, ಹುಟ್ಟುಹಬ್ಬಗಳೇ ಹೆಚ್ಚು. ಇತ್ತ ನಮ್ಮ ಹೊಲಗಳು ಕಾರ್ಖಾನೆ, ಲೇಔಟು ಆಗಿವೆ. ಕಪಿಲೆ ಹೊಡೆದ ಬಾವಿ ಎಲ್ಲಿತ್ತು ಅಂತ ಮೊಮ್ಮಕ್ಕಳು ಕೇಳಿದರೆ ಕೈ ತೋರಿಸಬಹುದು, ಪಟ ತೋರಿಸಲಾರೆವು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ನಡು ಮಧ್ಯಾಹ್ನ ಬೇಡ, ತಲೆಯ ಟವೆಲಿನ ನೆರಳು ಮುಖವನ್ನೇ ನುಂಗುತ್ತದೆ. ಬೆಳಗಿನ ಬಿಸಿಲಲ್ಲಿ ಹೋಗಿ. ಹೂವು ಕೀಳುವ ತಾಯಿಯನ್ನು, ಮಂಡಿಯಲ್ಲಿ ಮೂಟೆ ಹೊರುವ ಅಣ್ಣನನ್ನು ಕೇಳಿ, ಒಪ್ಪಿದರೆ ತೆಗೆಯಿರಿ. ಒಂದನ್ನಾದರೂ ಕಾಗದದ ಮೇಲೆ ಹಾಕಿಸಿ, ಹಿಂದುಗಡೆ ಹೆಸರು, ಊರು, ತಾರೀಕು ಬರೆಯಿರಿ. ಕನ್ನಡವೋ, ತೆಲುಗೋ, ತಮಿಳೋ, ನಿಮಗೆ ಬಂದ ಅಕ್ಷರದಲ್ಲಿ ಬರೆಯಿರಿ. ಅವರಿಗೂ ಒಂದು ಪ್ರತಿ ಕೊಡಿ.