ಪ್ರತಿಭಾ ಪುರಸ್ಕಾರದ ಬಳಿಕ ಕೈಹಿಡಿಯುವವರು ಯಾರು?

ಎಸ್ಸೆಸ್ಸಿ, ಎಚ್ಚೆಸ್ಸಿ ಫಲಿತಾಂಶ ಪ್ರಕಟವಾಯಿತೆಂದರೆ ಮುಂಬಯಿ, ಥಾಣೆ, ನವಿಮುಂಬಯಿಗಳ ನಮ್ಮ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ. ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ನಗದು. ವೇದಿಕೆಯಲ್ಲಿ ಗಣ್ಯರ ಹಿತನುಡಿ. ಮರುದಿನ ಪತ್ರಿಕೆಯಲ್ಲಿ ಭಾವಚಿತ್ರ. ಇದು ಶ್ಲಾಘನೀಯ ಕಾರ್ಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮಕ್ಕಳು ಪದವಿ ಮುಗಿಸಿ ಸ್ನಾತಕೋತ್ತರ ಶಿಕ್ಷಣಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವರ ಪಕ್ಕದಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಸಮಾಜ ಬಾಂಧವರ ಮುಂದಿಡಬೇಕೆನಿಸುತ್ತದೆ.

ಕಲಿತವರ ಮನೆಯಲ್ಲಿ ಅಣ್ಣನೋ ಚಿಕ್ಕಪ್ಪನೋ ದಾರಿ ಹೇಳುತ್ತಾರೆ. ಹೊಟೇಲಿನಲ್ಲಿ, ಕ್ಯಾಂಟೀನಿನಲ್ಲಿ, ಎಂಐಡಿಸಿಯ ಕಾರ್ಖಾನೆಯಲ್ಲಿ ದುಡಿಯುವ ತಂದೆಯ ಮಕ್ಕಳಿಗೆ ಆ ಅನುಕೂಲವಿಲ್ಲ. ಅವರು ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಏಜೆಂಟರ ಬಾಗಿಲು ತಟ್ಟುತ್ತಾರೆ. ಸಂಸ್ಥೆಗಳಿಂದ ಕಮಿಷನ್ ಪಡೆಯುವ ಏಜೆಂಟನಿಗೆ, ಹುಡುಗನಿಗೆ ಯಾವುದು ಒಳ್ಳೆಯದೆಂಬುದು ಮೊದಲ ಪ್ರಶ್ನೆಯಾಗಿರುವುದಿಲ್ಲ. ಬಳಿಕ ಪ್ರವೇಶ ಪತ್ರ ಹಿಡಿದು, ಹತ್ತು ದಿನಗಳಲ್ಲಿ ಶುಲ್ಕ ಕಟ್ಟಬೇಕೆಂದು ಬ್ಯಾಂಕಿಗೆ ಓಡಿ ಬರುವವರನ್ನು ನಾವು ಕೌಂಟರಿನ ಈಚೆಯಿಂದ ನೋಡುತ್ತಲೇ ಇರುತ್ತೇವೆ.

ಒಳ್ಳೆಯ ಅರ್ಜಿ ಹತ್ತು ದಿನಗಳಲ್ಲಿ ಆಗುವಂಥದ್ದಲ್ಲ. ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ತಿಂಗಳ ಪ್ರವೇಶಕ್ಕೆ ಹಿಂದಿನ ಡಿಸೆಂಬರ್-ಜನವರಿಯಲ್ಲೇ ಅರ್ಜಿಯ ಗಡು ಮುಗಿದಿರುತ್ತದೆ. ಅದಕ್ಕೂ ಮೊದಲು ಪರೀಕ್ಷೆಗಳು. ಟೋಫೆಲ್, ಐಇಎಲ್‌ಟಿಎಸ್ ಅಂಕಗಳು 2 ವರ್ಷ, ಜಿಆರ್‌ಇ ಅಂಕಗಳು 5 ವರ್ಷ ಊರ್ಜಿತ. ಈಗ ಹಲವು ವಿಭಾಗಗಳು ಜಿಆರ್‌ಇ ಕೇಳುವುದೇ ಇಲ್ಲ. ವಿಚಾರಿಸದೆ ಶುಲ್ಕ ಕಟ್ಟಿದರೆ ಹಣ ವ್ಯರ್ಥ. ಮೂರು ವರ್ಷದ ಬಿ.ಕಾಂ., ಬಿ.ಎಸ್ಸಿ. ಪದವಿಯನ್ನು ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ನಾಲ್ಕನೇ ವರ್ಷಕ್ಕೆ ಅವಕಾಶ ನೀಡಿರುವುದರಿಂದ, ಮುಂದುವರಿಯಬೇಕೇ ಬೇಡವೇ ಎಂಬುದನ್ನು ಎರಡನೇ ವರ್ಷದಲ್ಲೇ ಯೋಚಿಸುವುದು ಲೇಸು.

ಅರ್ಜಿಯ ಜೀವಾಳ ಎರಡು ಕಾಗದಗಳಲ್ಲಿದೆ. ಒಂದು, ಏಕೆ ಓದಬೇಕೆಂದಿದ್ದೇನೆ ಎಂದು ವಿದ್ಯಾರ್ಥಿಯೇ ಬರೆಯುವ ಉದ್ದೇಶ ಪತ್ರ. ಏಜೆಂಟ್ ಕೊಟ್ಟ ಮಾದರಿಯನ್ನು ನಕಲು ಮಾಡಿದರೆ ನೂರು ಅರ್ಜಿಗಳಲ್ಲಿ ನೂರೊಂದನೆಯದಾಗುತ್ತದೆ. ತಂದೆಯ ಕ್ಯಾಂಟೀನಿನ ಉದ್ರಿ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದ ಹುಡುಗಿ, ಅದರಲ್ಲಿ ಎದುರಾದ ತೊಡಕು ಯಾವುದು, ಅದನ್ನು ಹೇಗೆ ಬಿಡಿಸಿದೆ, ಇನ್ನೂ ಏನು ಕಲಿಯಬೇಕಾಗಿದೆ ಎಂದು ನೇರವಾಗಿ ಬರೆದರೆ ಓದುವವರು ನಿಲ್ಲುತ್ತಾರೆ. ಬಡತನವನ್ನು ವರ್ಣಿಸಿ ಕನಿಕರ ಬೇಡುವುದಕ್ಕಿಂತ ಮಾಡಿದ ಕೆಲಸವನ್ನು ಹೇಳುವುದು ಮೇಲು.

ಎರಡನೆಯದು ಶಿಫಾರಸು ಪತ್ರ. ಶಾಸಕರದ್ದೋ ಸಂಘದ ಅಧ್ಯಕ್ಷರದ್ದೋ ಲೆಟರ್‌ಹೆಡ್ ಎಷ್ಟೇ ಚೆಂದವಿದ್ದರೂ ಇಲ್ಲಿ ಬೆಲೆಯಿಲ್ಲ. ಪಾಠ ಹೇಳಿದ, ಪ್ರಾಜೆಕ್ಟ್ ಮಾಡಿಸಿದ ಅಧ್ಯಾಪಕರೇ ಬರೆಯಬೇಕು. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಕಲಿಯುವವರಿಗೆ ಅಧ್ಯಾಪಕರ ಪರಿಚಯವೇ ಕಡಿಮೆ ಎಂಬುದನ್ನು ನಾನು ಬಲ್ಲೆ, ನನ್ನ ಬಿ.ಕಾಂ. ಕೂಡ ಅಂಥ ಕಾಲೇಜಿನದೇ. ಅಂಥವರು ತಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಮೇಲಧಿಕಾರಿಯಿಂದ ಒಂದು ಪತ್ರ ಪಡೆಯಬಹುದೇ ಎಂದು ವಿಚಾರಿಸಬೇಕು. ಯಾರೇ ಇರಲಿ, ಎರಡು ತಿಂಗಳ ಮೊದಲು ಕೇಳುವುದು ಮರ್ಯಾದೆ.

ವಿದೇಶವೇ ಆಗಬೇಕೆಂದೇನೂ ಇಲ್ಲ. ಪೊವಾಯಿಯ ಐಐಟಿ, ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಕಲಿನಾದ ಮುಂಬಯಿ ವಿಶ್ವವಿದ್ಯಾಲಯ ನಮಗೆ ಲೋಕಲ್ ರೈಲಿನ ದೂರದಲ್ಲಿವೆ. ಎಂ.ಟೆಕ್.ಗೆ ಗೇಟ್, ಎಂ.ಎಸ್ಸಿ.ಗೆ ಜ್ಯಾಮ್ ಪರೀಕ್ಷೆಗಳಿವೆ. 2022ರಲ್ಲಿ ಆರಂಭವಾದ ಸಿಯುಇಟಿ-ಪಿಜಿ ಹಲವು ಕೇಂದ್ರೀಯ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುತ್ತದೆ. ಗೇಟ್ ಮೂಲಕ ಐಐಟಿ ಸೇರಿದ ಎಂ.ಟೆಕ್. ವಿದ್ಯಾರ್ಥಿಗೆ ತಿಂಗಳಿಗೆ 12,400 ರೂ. ಸಹಾಯಧನವೂ ಇದೆ. ಓದಿಸಲು ಮನೆ ಅಡವಿಡುವ ಮೊದಲು ಇದನ್ನು ತಿಳಿದಿರಬೇಕು.

ಏಕೆಂದರೆ ಸಾಲದ ಲೆಕ್ಕ ಕಠಿಣ. ಸಾಮಾನ್ಯವಾಗಿ 7.5 ಲಕ್ಷ ರೂ. ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಭದ್ರತೆ ಕೇಳುತ್ತವೆ. ಲೀಸ್ ಜಾಗದ ಸಿಡ್ಕೋ ಮನೆಯಾದರೆ ಸಿಡ್ಕೋದ ಎನ್‌ಒಸಿಗೂ ಓಡಾಡಬೇಕು. ಓದುವ ಅವಧಿಯಲ್ಲಿ ಕಂತು ಇಲ್ಲದಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಉದಾಹರಣೆಗೆ, 20 ಲಕ್ಷವನ್ನು ಶೇ. 10ರ ಬಡ್ಡಿಯಲ್ಲಿ ಒಟ್ಟಿಗೇ ಪಡೆದರೆ, ಎರಡು ವರ್ಷದ ಓದು ಮತ್ತು ಒಂದು ವರ್ಷದ ವಿನಾಯಿತಿ ಮುಗಿಯುವಾಗ ಸರಳ ಬಡ್ಡಿಯೇ 6 ಲಕ್ಷ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಸಂಸ್ಥೆಗಳಿಗೆ ಭದ್ರತೆಯಿಲ್ಲದ ಸಾಲ ನೀಡುತ್ತದೆ. ಆದರೆ ಅದು ಭಾರತದೊಳಗಿನ ಓದಿಗೆ ಮಾತ್ರ.

1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಡಾ. ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಮುಟ್ಟಿಸಿತು. ಅದು ಒಂದು ದಿನದ ಸನ್ಮಾನವಾಗಿರಲಿಲ್ಲ, ವರ್ಷಗಟ್ಟಲೆಯ ಬೆಂಬಲವಾಗಿತ್ತು. ಮಹಾರಾಜರ ಬೊಕ್ಕಸ ನಮ್ಮಲ್ಲಿಲ್ಲ, ನಿಜ. ಆದರೆ ಜನಬಲವಿದೆ. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ನಮ್ಮವರು ಈ ನಗರದಲ್ಲಿ ಅದೆಷ್ಟೋ ಮಂದಿ. ಐಐಟಿಯಲ್ಲಿ, ವಿದೇಶದಲ್ಲಿ ಓದಿದ ನಮ್ಮ ಮಕ್ಕಳೂ ಇದ್ದಾರೆ.

ಸಂಘಗಳಿಗೆ ನನ್ನ ವಿನಂತಿ ಇಷ್ಟೇ. ಪದವಿಯ ಎರಡನೇ ವರ್ಷದ ಮಕ್ಕಳನ್ನು ಪ್ರತಿ ಜನವರಿಯಲ್ಲಿ ಒಮ್ಮೆ ಕರೆದು ವರ್ಷದ ವೇಳಾಪಟ್ಟಿ ಹಾಕಿಕೊಡಲಿ. ಉನ್ನತ ಶಿಕ್ಷಣ ಪಡೆದ ಸದಸ್ಯರು ತಲಾ ಮೂರು ಮಕ್ಕಳ ಉದ್ದೇಶ ಪತ್ರ ಓದಿ ತಿದ್ದಲಿ. ಅರ್ಜಿ, ಪರೀಕ್ಷೆಗಳ ಶುಲ್ಕಕ್ಕೆ ಬಡ್ಡಿರಹಿತ ನಿಧಿಯೊಂದಿರಲಿ; ಕೆಲಸ ಸಿಕ್ಕವರು ಹಿಂದಿರುಗಿಸಿದರೆ ಅದೇ ಹಣ ಮುಂದಿನವರಿಗೆ. ಸಾಲದ ಕಾಗದಪತ್ರಗಳನ್ನು ನಿವೃತ್ತ ಬ್ಯಾಂಕ್ ಬಾಂಧವರು ನೋಡಿಕೊಳ್ಳಲಿ. ಕೋಪರಖೈರಣೆ, ಘನ್ಸೋಲಿ, ವಾಶಿ ಪರಿಸರದಲ್ಲಿ ಇದಕ್ಕೆ ಸಭಾಗೃಹವೂ ಬೇಡ, ಆದಿತ್ಯವಾರ ಬೆಳಿಗ್ಗೆ ಒಂದು ಕೋಣೆ ಸಾಕು.

ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಮೀಸಲಿಡಲು ಪದಾಧಿಕಾರಿಗಳು ಮನಸ್ಸು ಮಾಡುವರೇ?